ಎಣ್ಣೆ ಹೆಪ್ಪುಗಟ್ಟಿದ ದಿನ

"ಕೊಬ್ಬರಿ ಎಣ್ಣಿ ಹೆಪ್ಪುಗಟ್ಟಿದ ದಿನ ಮಂದಿ ಅರಬಿ ನಾ ಮುಟ್ಟೂದಿಲ್ಲವ್ವಾ. ಅವತ್ತ ಈ ಪೆಟಗಿ ಕೆಂಡ ನಿನ್ನ ಗೆಣಸಿಗೆ. ಇದು ನನ್ನ ಮಾತು."

ನನ್ನನ್ನು ಅಂಗಡಿಯಿಂದ ಹೊತ್ತು ತಂದ ದಿನವೇ ಬೆಳಗಾವಿಯ ದುಂಡಪ್ಪ ತನ್ನ ಪುಟ್ಟ ಮಗಳು ಸುಂದರವ್ವನಿಗೆ ಕೊಟ್ಟ ಮಾತು ಇದು. ನಾನು ಒಂದು ಇಸ್ತ್ರಿ ಪೆಟ್ಟಿಗೆ. ಬೆಂಕಿಯಲ್ಲಿ ಕರಗಿ, ಮರಳಿನ ಅಚ್ಚಿನಲ್ಲಿ ಆರಿ ಹುಟ್ಟಿದವನು. ಹೊಟ್ಟೆ ತುಂಬ ಕೆಂಡ ಇಟ್ಟುಕೊಂಡು ಬದುಕಿದವನಿಗೆ ಚಳಿಯ ಹೆದರಿಕೆ ಇಲ್ಲ. ಗಿರಾಕಿಗಳ ಹೆದರಿಕೆಯಂತೂ ಮೊದಲೇ ಇಲ್ಲ.

ನಮ್ಮ ತಳ್ಳುಗಾಡಿ ಹುಣಸೆ ಮರದ ಕೆಳಗೆ. ತುಳಸಿ ಲಗ್ನ ಮುಗಿಯಿತೆಂದರೆ ಊರಲ್ಲಿ ಮದುವೆಗಳು ಶುರು; ಮಂದಿಯ ಅರಬಿ-ಬಟ್ಟೆಯ ರಾಶಿ ದುಂಡಪ್ಪನ ಎದೆಮಟ್ಟ. ಚಳಿಯೂ ಸರಿಯಾಗಿ ಆಗಲೇ ಬರುತ್ತದೆ. ಹುಣಸೆ ಎಲೆಯಿಂದ ಇಬ್ಬನಿ ತೊಟ್ಟಿಕ್ಕಿ ನನ್ನ ಬೆನ್ನ ಮೇಲೆ ಚುರ್ ಎನ್ನುತ್ತದೆ. ಗುಬ್ಬಿಗಳು ಮೈ ಉಬ್ಬಿಸಿ ಉಂಡೆಯಾಗಿ ಕೂರುತ್ತವೆ. ಸುಂದರವ್ವ ಎದ್ದವಳೇ ಎಣ್ಣೆ ಬಾಟಲಿಯನ್ನು ಬೋರಲು ಹಿಡಿಯುತ್ತಿದ್ದಳು. ಹನಿಯೂ ಬೀಳದ ಮೊದಲ ದಿನ, "ಅಪ್ಪಾ, ಹೆಪ್ಪುಗಟ್ಟೇತಿ!" ಎಂಬ ಕೂಗು ಓಣಿಗೆಲ್ಲ ಕೇಳುತ್ತಿತ್ತು.

ದುಂಡಪ್ಪ ಅರ್ಧ ಕೆಂಡ ತೆಗೆದು, ಬೆರಳುಗಾತ್ರದ ಗೆಣಸುಗಳನ್ನು ನನ್ನ ಹೊಟ್ಟೆಯಲ್ಲಿ ಮಲಗಿಸಿ ಮುಚ್ಚಳ ಹಾಕುತ್ತಿದ್ದ. ಮನೆಯವರೆಲ್ಲ ನನ್ನ ಸುತ್ತ ಅಂಗೈ ಚಾಚಿ ಕೂರುತ್ತಿದ್ದರು. ಒಮ್ಮೆ ಗೆಣಸಿನ ಪಾಕ ಸೋರಿ ನನ್ನ ತಳಕ್ಕೆ ಅಂಟಿದ್ದನ್ನು ಯಾರೂ ಗಮನಿಸಲಿಲ್ಲ. ಮರುದಿನ ದೇಸಾಯಿ ವಕೀಲರು ಬಿಳಿ ಅಂಗಿ ಹಿಡಿದು ಓಡಿ ಬಂದರು. ಅಂಗಿಯ ಬೆನ್ನ ಮೇಲೆ ಕಂದು ಕಲೆ, ಕಲೆಯ ಸುತ್ತ ಇರುವೆ.

"ಏನೋ ದುಂಡ್ಯಾ, ಸಕ್ಕರಿ ಹಚ್ಚಿ ಇಸ್ತ್ರಿ ಮಾಡ್ತೀಯೇನೋ?"

ದುಂಡಪ್ಪ ಕೈ ಮುಗಿದ. ಮರುವರ್ಷ ಮತ್ತೆ ಗೆಣಸು ಸುಟ್ಟ.

ಅವನ ಸೊಂಟ ಸೋತ ಮೇಲೆ ನನ್ನ ಹಿಡಿ ಸುಂದರವ್ವನ ಕೈಗೆ ಬಂತು. ಆಗಲೇ ಅವಳು ಎರಡು ಮಕ್ಕಳ ತಾಯಿ. ದಿನವಿಡೀ ನಿಂತು ಅವಳ ಪಾದ ಊದುವುದನ್ನು ನಾನು ಕಂಡಿದ್ದೇನೆ. ಆಮೇಲೆ ಗ್ಯಾಸ್ ಇಸ್ತ್ರಿ ಬಂತು. ನಾನು ಗಾಡಿಯ ಕೆಳಗೆ, ಇದ್ದಿಲ ಚೀಲದ ಪಕ್ಕಕ್ಕೆ ಇಳಿದೆ. ಗುಜರಿಯವನು ಒಮ್ಮೆ ನನ್ನನ್ನು ಎತ್ತಿ ತೂಗಿ ನೋಡಿದ.

"ಅಕ್ಕಾರ, ಬರೇ ಭಾರ. ಕೊಟ್ಟಬಿಡ್ರಿ."

"ಕೆಳಗಿಡೋ. ಅದಕ್ಕ ವರ್ಷಕ್ಕೊಂದಿನ ಡ್ಯೂಟಿ ಐತಿ."

ಈ ವರ್ಷ ಎಣ್ಣೆ ಹೆಪ್ಪುಗಟ್ಟಿದ ದಿನ, ಗಾಡಿಯ ಮೇಲೆ ದೇಸಾಯಿಯವರ ಮನೆಯ ಮದುವೆ ಬಟ್ಟೆಗಳ ಗುಡ್ಡವೇ ಇತ್ತು. ಸುಂದರವ್ವ ಒಮ್ಮೆ ಗುಡ್ಡ ನೋಡಿದಳು, ಒಮ್ಮೆ ಬಾಟಲಿ ನೋಡಿದಳು. ಅವಳ ಮಗಳೇ, "ಅವ್ವಾ, ಈ ವರ್ಷ ಬ್ಯಾಡ ಬಿಡ," ಎಂದಳು. ಆ ಮಾತು ಅವಳಿಗೆ ಎಲ್ಲಿ ಚುಚ್ಚಿತೋ, ಗ್ಯಾಸ್ ಬಂದ್ ಮಾಡಿ ನನ್ನನ್ನು ಮೇಲೆತ್ತಿದಳು. ಹೊಟ್ಟೆಗೆ ಕೆಂಡ ಬಿತ್ತು. ಬದುಕಿದೆ.

ಗೆಣಸು ಇನ್ನೂ ಬೇಯುತ್ತಿರುವಾಗಲೇ ವಕೀಲರ ಕಾರು ಬಂದು ನಿಂತಿತು.

"ಅರಬಿ ಎಲ್ಲವ್ವಾ? ಇಲ್ಲಿ ಗೆಣಸಿನ ಹಬ್ಬ ನಡಸೀಯಲ್ಲ!"

"ಲಗ್ನ ನಾಡಿದ್ದಲ್ರಿ ಸಾಹೇಬ್ರ? ನಾಳೆ ಸಂಜಿಗೆ ಎಲ್ಲಾ ಕೊಡ್ತೇನ್ರಿ."

"ಇವತ್ತಂದ್ರ ಇವತ್ತ. ಇಲ್ಲಂದ್ರ ನಮ್ಮನಿ ಅರಬಿ ಇನ್ನ ನಿನ್ನ ಗಾಡಿಗೆ ಬರೂದಿಲ್ಲ, ತಿಳಕೋ."

ಸುಂದರವ್ವ ಎಣ್ಣೆ ಬಾಟಲಿ ತಂದು ಅವರ ಮುಂದೆ ಬೋರಲು ಹಿಡಿದಳು. ಒಂದು ಹನಿ ಬೀಳಲಿಲ್ಲ.

"ನೋಡ್ರಿ. ನಮ್ಮಪ್ಪನ ಮಾತ ಇದರಾಗ ಐತಿ."

ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಕಾರಿನ ಹಿಂದಿನ ಸೀಟಿನಲ್ಲಿ ತಾನೇ ಇಟ್ಟು ಬಂದಳು. ಕಾರು ಹೋಯಿತು. ಗೋಣಿಚೀಲದ ಮೇಲೆ ಕುಳಿತಿದ್ದ ದುಂಡಪ್ಪ ಕೇಳಿದ:

"ಅರಬಿ ಹೋದುವೇನವಾ?"

"ಹೋದುವಪ್ಪಾ."

"ಗೆಣಸ?"

"ಬೆಂದಾವು."

ನನ್ನ ಹಿಡಿ ಸೀಳಿದೆ, ಮುಚ್ಚಳದ ಕೀಲು ಸಡಿಲ, ಮೈಗೆ ತುಕ್ಕು. ಆದರೂ ಗುಜರಿಯವನ ತಕ್ಕಡಿಗೆ ನಾನು ಏರುವವನಲ್ಲ. ಈ ಹೊಟ್ಟೆಯ ಬಿಸಿಗೆ ಮೂರು ತಲೆಮಾರು ಅಂಗೈ ಚಾಚಿದೆ. ಊರಿನ ಅಂಗಿಗಳೆಲ್ಲ ಸುಕ್ಕಾಗಿಯೇ ಇರಲಿ.

ಅವತ್ತು ಮಂದಿಯ ಬಟ್ಟೆಯನ್ನು ನಾನು ಮುಟ್ಟಲಿಲ್ಲ.