ಇಪ್ಪತ್ತನೆಯ ಬೋರ್ಡು

ನನ್ನ ಭಾವ ಒಳ್ಳೆಯ ಮನುಷ್ಯ, ಟೋಯಿಂಗ್ ಗಾಡಿ ಹತ್ತುವವರೆಗೆ. ಹತ್ತಿದರೆ ಹೆತ್ತ ತಾಯಿಯ ಸ್ಕೂಟರನ್ನೂ ಎತ್ತಿಕೊಂಡು ಹೋಗುವವರು. ಊರಿಗೆಲ್ಲ ಅದೊಂದೇ ಟೋಯಿಂಗ್ ಗಾಡಿ, ಅದಕ್ಕೆ ಅವರೊಬ್ಬರೇ ಡ್ರೈವರು. ಹಾಗಾಗಿ ಅವರ ಜಂಬಕ್ಕೆ ಪಾಲುದಾರರೂ ಇಲ್ಲ.

ನನ್ನದು ನೋ ಪಾರ್ಕಿಂಗ್ ಬೋರ್ಡು ನೆಡುವ ಕೆಲಸ. ಆರು ವರ್ಷದಿಂದ ದಿನಗೂಲಿ. ಆ ದಿನ ಸಾಹೇಬರು ಇಪ್ಪತ್ತು ಜಾಗಗಳ ಪಟ್ಟಿ ಕೊಟ್ಟು, "ಸಂಜೆ ಐದಕ್ಕೆ ನಾನೇ ಬಂದು ನೋಡ್ತೀನಿ. ಇಪ್ಪತ್ತೂ ನಿಂತಿದ್ರೆ ಕೆಲಸ ಖಾಯಂ. ಒಂದು ಕಮ್ಮಿ ಆದ್ರೂ ನಾಳೆಯಿಂದ ಬರಬೇಡ" ಎಂದಿದ್ದರು.

ಕಂಬ ಹೆಣಭಾರ. ಅದಕ್ಕೇ ನಾನು ನೆಡುವ ಜಾಗದ ಪಕ್ಕದಲ್ಲೇ ವ್ಯಾನು ನಿಲ್ಲಿಸುತ್ತೇನೆ. ಗುಂಡಿ ತೋಡಿ, ಕಂಬ ನಿಲ್ಲಿಸಿ, ಕೊನೆಯ ಬೋಲ್ಟು ಬಿಗಿದ ಕೂಡಲೇ ಎದ್ದೆನೋ ಬಿದ್ದೆನೋ ಎಂದು ಓಡಿ ವ್ಯಾನು ತೆಗೆಯುತ್ತೇನೆ. ಬೋಲ್ಟು ಬಿಗಿಯುವವರೆಗೆ ಅದು ಬರೀ ತಗಡು, ಬಿಗಿದ ಮೇಲೆ ಕಾನೂನು. ಇದು ಭಾವನ ಮಾತು.

ಹತ್ತೊಂಬತ್ತನೆಯ ಬೋರ್ಡು ಆಸ್ಪತ್ರೆಯ ಗೇಟಿನ ಹತ್ತಿರ. ಬೋಲ್ಟು ಬಿಗಿದು, ಕೈಗೆ ಮೆತ್ತಿದ್ದ ಮಣ್ಣು ತೊಳೆಯಲು ನಲ್ಲಿಯ ಬಳಿ ಹೋದೆ. ಎರಡೇ ನಿಮಿಷ. ತಿರುಗಿ ನೋಡಿದರೆ ನನ್ನ ವ್ಯಾನು ಮೂತಿ ಎತ್ತಿಕೊಂಡು ಭಾವನ ಗಾಡಿಯ ಹಿಂದೆ ಹೊರಟಿತ್ತು. ಇಪ್ಪತ್ತನೆಯ ಬೋರ್ಡು ಅದರೊಳಗೇ ಇತ್ತು.

"ಭಾವಾ! ಅದು ನನ್ನ ಗಾಡಿ!"

"ಗೊತ್ತು ಕಣೋ! ಬೋರ್ಡು ನೆಟ್ಟಿದ್ದು ಯಾರು? ಮಾಡಿದ್ದುಣ್ಣೋ ಮಹರಾಯ!"

ಹೊಟ್ಟೆ ಉರಿಯಿತು. ಉರಿಯುವ ಹೊಟ್ಟೆ ಹೊತ್ತುಕೊಂಡೇ ಎತ್ತಿದ ಗಾಡಿಗಳನ್ನು ಕೂಡಿಹಾಕುವ ಯಾರ್ಡಿಗೆ ನಡೆದೆ. ತಲುಪುವಾಗ ನಾಲ್ಕೂವರೆ. ವ್ಯಾನನ್ನು ಒಳಗೆ ತಳ್ಳಿ, ತಮ್ಮ ಗಾಡಿಯನ್ನು ಎಂದಿನಂತೆ ಗೇಟಿನ ಮುಂದೆ ಮರದ ನೆರಳಲ್ಲಿ ನಿಲ್ಲಿಸಿ, ಭಾವ ಚಹಾ ಕುಡಿಯುತ್ತಿದ್ದರು.

"ಒಳಗೆ ಹೋದ ಗಾಡಿ ನಾಳೆ ಹತ್ತು ಗಂಟೆಗೇ ಹೊರಗೆ. ರೂಲ್ಸು."

"ಇನ್ನೊಂದು ಬೋರ್ಡು ಬಾಕಿ ಇದೆ ಭಾವಾ. ಐದಕ್ಕೆ ಸಾಹೇಬರು ಬರ್ತಾರೆ. ನನ್ನ ಕೆಲಸ ಹೋಗುತ್ತೆ!"

ಭಾವ ಲೋಟ ಕೆಳಗಿಟ್ಟರು. ಎಷ್ಟಾದರೂ ಹೆಂಡತಿಯ ತಮ್ಮ. "ಗಾಡಿ ಬಿಡಕ್ಕಾಗಲ್ಲ. ಬೋರ್ಡು ಆಫೀಸಿಂದು, ಅದನ್ನ ತಗೋ. ಎಲ್ಲಿ ನೆಡಬೇಕು?"

ಪಟ್ಟಿ ನೋಡಿದೆ. "ಯಾರ್ಡಿನ ಗೇಟಿನ ಮುಂದೆ."

"ಅಯ್ಯೋ ಪೆದ್ದೇ, ಇಲ್ಲೇ ಹತ್ತು ಹೆಜ್ಜೆ! ಅದಕ್ಯಾಕೆ ಅಳ್ತೀಯ?"

ಖುಷಿಯಲ್ಲಿ ತಾವೇ ಕಂಬಕ್ಕೆ ಹೆಗಲು ಕೊಟ್ಟರು. ತಾವೇ ಗುಂಡಿ ತೋಡಿದರು. "ನಿನ್ನ ಕೈಯಲ್ಲಿ ಜೀವ ಇಲ್ಲ, ಕೊಡಿಲ್ಲಿ" ಎಂದು ಸ್ಪ್ಯಾನರು ಕಿತ್ತುಕೊಂಡು ಕೊನೆಯ ಬೋಲ್ಟನ್ನೂ ತಾವೇ ಬಿಗಿದರು. ನಾನು ಅವರ ಗಾಡಿಯನ್ನು ನೋಡಿದೆ, ಬೋರ್ಡನ್ನು ನೋಡಿದೆ, ಬಾಯಿಗೆ ಬೀಗ ಹಾಕಿಕೊಂಡೆ.

ಐದಕ್ಕೆ ಸರಿಯಾಗಿ ಸಾಹೇಬರು ಬಂದರು. "ಇಪ್ಪತ್ತು. ನಿನ್ನ ಕೆಲಸ ಖಾಯಂ. ನಾಳೆ ಒಂಬತ್ತಕ್ಕೆ ಆಫೀಸಿಗೆ ಬಾ." ಆಮೇಲೆ ಬೋರ್ಡಿನ ಕೆಳಗೆ ಕಣ್ಣು ಹೋಯಿತು. "ಇದ್ಯಾರ ಗಾಡಿ?"

ಭಾವನ ಮುಖ ಹುಳ್ಳಗಾಯಿತು. ಆದರೆ ಮನುಷ್ಯ ಮಾತಿಗೆ ತಪ್ಪುವವರಲ್ಲ. ಗಾಡಿಯ ಸುತ್ತ ಎರಡು ಸುತ್ತು ಬಂದರು. ಹಿಂದಿನ ಕೊಕ್ಕೆ ಎಳೆದು ಅದರ ಮೂತಿಗೇ ಸಿಗಿಸಲು ನೋಡಿದರು. ಎಟುಕಲಿಲ್ಲ. ಕೊನೆಗೆ ತಾವೇ ಓಡಿಸಿಕೊಂಡು ಒಳಗೆ ಹೋಗಿ, ಚೀಟಿ ಬರೆದು, ಎತ್ತಿದವರ ಜಾಗದಲ್ಲೂ ತಪ್ಪು ಮಾಡಿದವರ ಜಾಗದಲ್ಲೂ ಸಹಿ ಹಾಕಿ, ಗಾಜಿಗೆ ಅಂಟಿಸಿ, ಗೇಟಿಗೆ ಬೀಗ ಜಡಿದರು. ಇನ್ನು ಅದೂ ಹೊರಗೆ ಬರುವುದು ನಾಳೆ ಹತ್ತು ಗಂಟೆಗೆ.

ಇಬ್ಬರೂ ಅಕ್ಕನ ಮನೆಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ಜನ ಸಿಕ್ಕಸಿಕ್ಕಲ್ಲಿ ಗಾಡಿ ನಿಲ್ಲಿಸಿದ್ದರು. ಭಾವ ಪ್ರತಿಯೊಂದನ್ನೂ ನೋಡಿ ನಿಟ್ಟುಸಿರು ಬಿಟ್ಟರು. ಸುಸ್ತಾಗಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಕುಸಿದೆವು.

"ಹೊಸಿಲಿಗೆ ಅಡ್ಡ ಚಪ್ಪಲಿ ಬಿಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಅಕ್ಕ ನಾಲ್ಕನ್ನೂ ಬಾಚಿ ಬೀರುವಿಗೆ ಹಾಕಿ ಬೀಗ ತಿರುಗಿಸಿದಳು. "ನಾಳೆ ಹತ್ತು ಗಂಟೆಗೆ ಕೊಡ್ತೀನಿ. ರೂಲ್ಸು."

ಖಾಯಂ ನೌಕರಿಯ ಮೊದಲ ದಿನ, ಒಂಬತ್ತಕ್ಕೆ ಸರಿಯಾಗಿ, ನಾನು ಆಫೀಸಿಗೆ ಬರಿಗಾಲಲ್ಲಿ ಹೋದೆ.