ಬಾಣಲೆಯ ಬದು

ಸಿಪ್ಪೆ ಇವತ್ತು ಎಷ್ಟು ಸಲೀಸಾಗಿ ಬರುತ್ತಿದೆ, ನಿನ್ನೆಯೇ ಬೇಯಿಸಿಟ್ಟ ಆಲೂಗಡ್ಡೆಯಲ್ಲವೇ, ರಾತ್ರಿಯೆಲ್ಲ ನೆಲಮಾಳಿಗೆಯ ಥಂಡಿಯಲ್ಲಿ ಕೂತು ಗಟ್ಟಿಯಾಗಿದೆ, ಉಗುರು ತಗುಲಿಸಿದರೆ ಸಾಕು, ತೆಳ್ಳಗೆ ಕಳಚಿಕೊಳ್ಳುತ್ತದೆ — ಬಿಸಿಯದನ್ನು ತುರಿದರೆ ಮುದ್ದೆ, ತಣ್ಣಗಿನದನ್ನು ತುರಿದು ಬಾಣಲೆಯಲ್ಲಿ ಹುರಿದರೆ ರೋಷ್ಟಿ, ಇಷ್ಟು ತಿಳಿಯದವಳನ್ನ ಈ ಕಣಿವೇಲಿ ಯಾವನೂ ಕಟ್ಕೊಳಲ್ಲ ಕಣೇ ಎಂದು ಅಮ್ಮ ಹೇಳುತ್ತಿದ್ದಳು, ಬೆತ್ಲಿಗೆ ನಗು ಬಂತು, ಅರವತ್ತು ದಾಟಿದ ಮೇಲೆ ಮತ್ತೆ ಅದೇ ಪರೀಕ್ಷೆಯೇ, ಆದರೆ ಈ ಸಲ ಪರೀಕ್ಷೆ ತನ್ನದಲ್ಲ, ಬೆನ್ನ ಹಿಂದೆ ಒಲೆಗೆ ತಾಗಿದ ಬೆಚ್ಚನೆಯ ಒಲೆಬೆಂಚಿನ ಮೇಲೆ ಕೂತು ಸುಮ್ಮನೆ ಬೂಟಿನ ತುದಿ ನೋಡಿಕೊಳ್ಳುತ್ತಿರುವ ವೆರ್ನರನದು, ಅವನಿಗದು ಗೊತ್ತಿಲ್ಲ ಅಷ್ಟೆ. ಹೋದ ಭಾನುವಾರ ಚರ್ಚಿನಲ್ಲಿ ಹಾಡಿಕೆ ಮುಗಿದು ಎಲ್ಲರೂ ಕೋಟು ಹಾಕಿಕೊಳ್ಳುವಾಗ ಕೇಳಿದ್ದ, ಒಂದು ತೋಳು ಒಳಗೆ, ಇನ್ನೊಂದು ಹೊರಗೆ ಜೋತಾಡುತ್ತಿತ್ತು, ಹೊಸ ವರ್ಷಕ್ಕೆ ಹೊಲ ದನ ಎಲ್ಲಾ ಮಗನಿಗೆ ಬಿಡ್ತೀನಿ, ನಾನು ಸ್ಟೋಕ್ಲಿಗೆ ಹೋಗ್ತೀನಿ, ಒಬ್ಬನಿಗೆ ಅದು ಜಾಸ್ತೀನೇ ಆಯ್ತು, ನೀನೂ ಬಂದ್ಬಿಡು ಬೆತ್ಲಿ. ಸ್ಟೋಕ್ಲಿ ಎಂದರೆ ಅಂಗಳದಾಚೆಯ ಪುಟ್ಟ ಮನೆ, ಬೇಸಾಯ ಬಿಟ್ಟ ಹಿರಿಯರು ಹೋಗಿ ಕೂರುವ ಜಾಗ, ಕಿಟಕಿಯಲ್ಲಿ ಕೆಂಪು ಜೆರೇನಿಯಂ ಹೂ, ಎರಡು ಕೋಣೆ, ಒಂದು ಒಲೆ. ಬರೋ ಭಾನುವಾರ ಬೆಳಗ್ಗೆ ತಿಂಡಿಗೆ ಬಾ, ಹೇಳ್ತೀನಿ ಎಂದಿದ್ದಳು, ಆ ಭಾನುವಾರವೇ ಇದು, ತಿಂಡಿಯೂ ಇದೇ, ಹೇಳಬೇಕಾದ ಮಾತು ಮಾತ್ರ ಇನ್ನೂ ತುರಿಮಣೆಯ ಮೇಲ್ಗಡೆಯೇ ಇದೆ.

ತುರಿ ಉದ್ದುದ್ದ ಬೀಳಬೇಕು, ಒತ್ತಬಾರದು — ಏನು ಗೊತ್ತು ತನಗೆ ಈ ಮನುಷ್ಯನ ವಿಷಯ, ಮಂದ್ರದಲ್ಲಿ ಹಾಡುತ್ತಾನೆ, ಹಸು ಕರು ಹಾಕುವ ರಾತ್ರಿ ಹಾಡಿಕೆಗೆ ಬರುವುದಿಲ್ಲ, ಹೆಂಡತಿ ತೀರಿಕೊಂಡ ಮೇಲೆ ತನ್ನ ಅಂಗಿಯ ಗುಂಡಿ ತಾನೇ ಹೊಲಿದುಕೊಳ್ಳುತ್ತಾನೆ, ಬಿಳಿ ಅಂಗಿಗೆ ಕಪ್ಪು ದಾರ, ಇಷ್ಟೇ. ಊಟದ ಮೇಜಿನಲ್ಲಿ ಎಂಥವನು? ಹಾಡಿಕೆಯವರು ಸೇರಿದಾಗ ತಿನ್ನುವುದು ಕೇಕು, ಕೇಕು ತಿನ್ನುವಾಗ ಎಲ್ಲರೂ ಸಜ್ಜನರೇ. ಗಂಡಸು ಹಾಡೋದು ನೋಡಿ ಮರುಳಾಗ್ಬೇಡ್ವೇ, ತಿನ್ನೋದು ನೋಡು, ಇದೂ ಅಮ್ಮನದೇ ಮಾತು, ಆದರೆ ಆಗ ಬೆತ್ಲಿ ನೋಡಿದ್ದು ಒಟ್ಟೋ ಎಂಬವನು ಕುಣಿಯುವುದನ್ನು, ಅವನ ಕೈಯಲ್ಲಿ ಸಿಕ್ಕರೆ ನೆಲ ಕಾಲಿಗೆ ತಾಗುತ್ತಿರಲಿಲ್ಲ, ಮದುವೆಯಾಗಿ ಇಡೀ ಬಾಳು ಕಳೆದು ಅವನು ಮಣ್ಣು ಸೇರಿಯೂ ಆಯಿತು. ಬೆಣ್ಣೆ ಕರಗಿತು, ಜೊತೆಗೆ ಒಂದು ಚೂರು ಹಂದಿಯ ಕೊಬ್ಬು, ಉಪ್ಪು, ಈಗ ತುರಿ ಹರಡು, ಒಮ್ಮೆ ಕೈಯಾಡಿಸು, ಅಂಚನ್ನು ಒಳಕ್ಕೆ ಒತ್ತಿ ದುಂಡಗೆ ಮಾಡು, ಆಮೇಲೆ ಮುಟ್ಟಬೇಡ. ಮುಟ್ಟದೆ ಇರುವುದೇ ಕಷ್ಟ. ಕೆಳಗೆ ಸಣ್ಣಗೆ ಚಿಟಿಚಿಟಿ, ಅಲ್ಲೇನು ನಡೆಯುತ್ತಿದೆಯೋ ಕಣ್ಣಿಗೆ ಕಾಣುವುದಿಲ್ಲ, ಕಿವಿಯನ್ನೇ ನಂಬಬೇಕು.

ಅವಳು ಕಪಾಟಿನಿಂದ ತಟ್ಟೆ ತೆಗೆದಳು, ಹೂವಿನ ಅಂಚಿನವು, ಹಬ್ಬದವು, ಹಿಂದಿನಿಂದ ವೆರ್ನರ್ ಕೇಳಿದ, ತಟ್ಟೆ ಯಾಕೆ ಮಾರಾಯ್ತಿ? ಯಾಕೆ ಅಂದ್ರೆ, ತಿನ್ನೋಕೆ. ನಮ್ಮ ಮನೇಲಿ ಬಾಣಲೇಲೇ ತಿಂತಿದ್ವಪ್ಪ, ನಡುವೆ ಇಟ್ಟು, ಸುತ್ತ ಕೂತು, ಚಮಚ ಹಿಡ್ಕೊಂಡು. ನಮ್ಮ ಮನೇಲೂ ಹಂಗೇ, ಎಂದಳು ಅವಳು. ಮತ್ತೆ? ತೊಳೆಯೋಕೆ ಎರಡು ಕಮ್ಮಿ ಆಯ್ತಲ್ಲ. ಬೆತ್ಲಿಯ ಕೈ ತಟ್ಟೆಯ ಮೇಲೆಯೇ ನಿಂತಿತು, ಅಯ್ಯೋ, ಇದು ತನಗೇ ಹೊಳೆಯಲಿಲ್ಲವಲ್ಲ, ಗಂಡು ನೋಡುವ ಶಾಸ್ತ್ರಕ್ಕೆ ಬಾಣಲೆಗಿಂತ ಬೇರೆ ಬೇಕೇ, ಪಾಪ, ಕುತ್ತಿಗೆಯನ್ನು ತಾನಾಗಿಯೇ ಒಡ್ಡುತ್ತಿದ್ದಾನೆ. ಚಿಕ್ಕಂದಿನಲ್ಲಿ ಅವಳ ಅಪ್ಪ ಪ್ರಾರ್ಥನೆ ಮುಗಿಸಿ ಚಮಚದ ಹಿಡಿಯಿಂದ ರೋಷ್ಟಿಯ ಮೇಲೆ ಗೆರೆ ಎಳೆಯುತ್ತಿದ್ದ, ಪ್ರತಿಯೊಬ್ಬರಿಗೂ ಒಂದು ಹೋಳು, ಹಿಡಿಕೆಯ ಕಡೆಯದು ಅಮ್ಮನಿಗೆ, ಏಕೆಂದರೆ ಅಲ್ಲಿ ಮೊಣಕೈಗೆ ಜಾಗ ಸಾಲದು. ಅಂಚಿನಿಂದ ತಿನ್ನುತ್ತ ಒಳಗೆ ಹೋಗಬೇಕು, ಪಕ್ಕದವನ ಕಡೆ ತಿರುಗುವಂತಿಲ್ಲ, ಹಾಗಾಗಿ ಇಬ್ಬರ ನಡುವೆ ಕೊನೆಗೆ ಒಂದು ಸಣ್ಣ ಬದು ಉಳಿಯುತ್ತಿತ್ತು, ಹೊಲದಲ್ಲಿ ಉಳಿದ ಹಾಗೆ, ಎರಡು ಚಮಚಗಳ ನಡುವೆ ಬೆರಳಗಲದ ಆಲೂಗಡ್ಡೆ, ನೆಟ್ಟಗೆ ನಿಂತಿರುತ್ತಿತ್ತು. ಬದು ಒತ್ತಿದೋನಿಗೆ ಕಾಫಿ ಇಲ್ಲ, ಅಪ್ಪನ ಕಾನೂನು. ಅಣ್ಣಂದಿರು ಆಚೆ ಈಚೆ ಕೂತು ಆ ಬದುವನ್ನು ಗಡಿ ಕಾಯುವವರ ಹಾಗೆ ಕಾಯುತ್ತಿದ್ದರು, ಆಹಾ, ಆಗ ಅವಳು ಎಷ್ಟು ನಿಧಾನವಾಗಿ ತಿನ್ನುತ್ತಿದ್ದಳು, ಗರಿಗರಿ ಅಂಚಿನ ಒಂದು ತುಣುಕನ್ನು ಕೊನೆಗೆಂದು ಉಳಿಸಿಕೊಂಡು.

ಒಟ್ಟೋ ಕೆಟ್ಟವನಲ್ಲ, ಈ ಮಾತು ಯಾರ ಮುಂದೆ ಬೇಕಾದರೂ ಹೇಳುತ್ತಾಳೆ, ಮಕ್ಕಳು ಕಿಕ್ಕಿರಿದ ಮನೆಯಲ್ಲಿ ಹುಟ್ಟಿದವನು, ಅಲ್ಲಿ ಗೆರೆಯೂ ಇಲ್ಲ ಕಾನೂನೂ ಇಲ್ಲ, ಚಮಚ ಬೀಸಿದವನದೇ ಬಾಣಲೆ. ಮದುವೆಯಾದ ಮೊದಲ ಬೆಳಗ್ಗೆ ನಡುವೆ ಬಾಣಲೆ ಇಟ್ಟು ಕೂತರು, ಅವಳು ಅಂಚಿನಿಂದ ಶುರುಮಾಡಿದಳು, ಅವನು ಏನೋ ಹೇಳುತ್ತಿದ್ದ, ಯಾವುದೋ ಎತ್ತಿನ ಕತೆ, ನಗುತ್ತಿದ್ದ, ನೋಡುತ್ತಾಳೆ, ಬದು ಕುಸಿದಿದೆ, ಅವನು ಅಡಿಯಿಂದಲೇ ಕೊರೆದುಕೊಂಡು ಬಂದಿದ್ದಾನೆ, ಹೆಗ್ಗಣದ ಹಾಗೆ, ಕೊನೆಗೆಂದು ಅವಳು ಉಳಿಸಿದ್ದ ಗರಿಗರಿ ಅಂಚು ಅವನ ಬಾಯಲ್ಲಿ ಕರುಂ ಎನ್ನುತ್ತಿದೆ, ಅವನಿಗೆ ಅದರ ಅರಿವೇ ಇಲ್ಲ. ಹೇಳಬಹುದಿತ್ತು. ಹೊಸ ಹೆಂಡತಿ ಹಿಡಿ ಆಲೂಗಡ್ಡೆಗೆ ಜಗಳ ತೆಗೆಯುತ್ತಾಳೆಯೇ, ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ, ಆಮೇಲೆ ಹೇಳುವ ವಯಸ್ಸೇ ದಾಟಿತು. ಈ ವೆರ್ನರನೂ ಹಾಗೆಯೇ ಇದ್ದರೆ? ಅದಕ್ಕೇ ನೋಡಬೇಕು, ನೋಡಿಯೇ ಹೇಳಬೇಕು, ಇನ್ನೊಮ್ಮೆ ಅಂಥ ಬಾಣಲೆಗೆ ಕೂರುವುದಿಲ್ಲ, ಜೆರೇನಿಯಂ ಎಷ್ಟೇ ಕೆಂಪಗಿದ್ದರೂ ಸರಿ. ಬಾಣಲೆ ಅಲುಗಿಸಿದಳು, ರೋಷ್ಟಿ ಇಡಿಯಾಗಿ ಜಾರಿತು, ತಳ ಹಿಡಿದಿಲ್ಲ, ಈಗ ಮೇಲೊಂದು ತಟ್ಟೆ ಕವುಚು, ಅಂಗೈ ಒತ್ತು, ಉಸಿರು ಹಿಡಿ, ಮಗುಚು — ಬಂತು, ಒಂದು ಎಳೆ ಮುರಿಯದೆ ಬಂತು, ಹೊಂಬಣ್ಣ, ಅಂಚಿನಲ್ಲಿ ಕಂದು, ಒಲೆಬೆಂಚಿನಿಂದ ಶಹಬ್ಬಾಸ್ ಎಂದ ದನಿ, ಮತ್ತೆ ಬಾಣಲೆಗೆ ಜಾರಿಸಿದಳು, ಇನ್ನೊಂದು ಮಗ್ಗುಲೂ ಹೀಗೇ ಆಗಲಿ.

ಹಿಡಿಕೆಯನ್ನು ಕಿಟಕಿಯ ಕಡೆ ತಿರುಗಿಸಿಟ್ಟಳು, ಹಾಗಾದರೆ ಯಾರ ಮೊಣಕೈಗೂ ತೊಂದರೆಯಿಲ್ಲ, ಬಟ್ಟಲುಗಳಲ್ಲಿ ಹಾಲುಕಾಫಿ, ಎದುರುಬದುರು ಎರಡು ಚಮಚ. ತಿನ್ನು. ನೀನೂ ತಿನ್ನು. ಅವನು ಗೆರೆ ಎಳೆಯಲಿಲ್ಲ, ಅಂಚಿನಿಂದ ಸ್ವಲ್ಪ ಮುರಿದ, ಊದಿದ, ಬಾಯಿಗಿಟ್ಟ, ಕಣ್ಣು ಮುಚ್ಚಿದ, ಅಬ್ಬಾ, ಹೆಂಡತಿ ಹೋದ್ಮೇಲೆ ರೋಷ್ಟಿ ಅಂತ ತಿಂದಿದ್ದು ಇವತ್ತೇ ನೋಡು. ಕಣ್ಣು ಮುಚ್ಚಿ ತಿನ್ನುವ ಗಂಡಸನ್ನು ಅವಳು ಹಿಂದೆ ಕಂಡಿದ್ದಳೇ, ಇಲ್ಲ, ಅವಳು ಮೈಯೆಲ್ಲ ಕಣ್ಣಾಗಿ ಅವನ ಚಮಚವನ್ನೇ ನೋಡಿದಳು, ಎಲ್ಲಿ ಹೋಗುತ್ತದೆ, ಯಾವ ಕಡೆ ವಾಲುತ್ತದೆ. ವಾಲಲಿಲ್ಲ. ಅವನು ಸ್ಟೋಕ್ಲಿಯ ವಿಷಯ ಹೇಳುತ್ತಿದ್ದ, ಒಲೆ ಹೊಗೆ ಕಾರುತ್ತೆ, ಚಿಮಣಿಯವನಿಗೆ ಹೇಳಿದೀನಿ, ಮಲಗೋ ಕೋಣೆ ಕಿಟಕಿ ಸೇಬಿನ ತೋಟದ ಕಡೆ, ಅವಳು ಹ್ಞೂಂ ಎಂದಳು, ಚಮಚ ನೋಡಿದಳು, ಮಾತಾಡುವಾಗ ಗಾಳಿಯಲ್ಲೇ ನಿಲ್ಲಿಸುತ್ತಾನೆ, ಆಮೇಲೆ ಮತ್ತೆ ತನ್ನ ಅಂಚು, ಮತ್ತೆ ಕಾಫಿ, ಇಷ್ಟು ನಿಧಾನವೇ, ದನ ಕಾದಿರುವ ಮನೆಯವನಿಗೆ ಇಷ್ಟೊಂದು ವ್ಯವಧಾನ ಎಲ್ಲಿಂದ, ಬೇಕೆಂದೇ ಮಾಡುತ್ತಿದ್ದಾನೆಯೇ, ನಾಟಕವೇ, ಇರಲಾರದು, ತುಟಿಯ ಮೇಲೆ ಒಂದು ತುರಿ ಅಂಟಿದೆ, ನಾಟಕದವನು ಒರೆಸಿಕೊಳ್ಳುತ್ತಿದ್ದ. ಚಮಚ ಕೆಳಗಿಟ್ಟ. ಯಾಕೆ ಇಟ್ಟ? ಸಾಕಾಯಿತೇ? ಬೇಜಾರೇ? ಅವನು ಬಾಣಲೆಯನ್ನು ನೋಡುತ್ತಿದ್ದ, ಅವಳೂ ನೋಡಿದಳು.

ಅವಳ ಕಡೆ ಬರೀ ಕಬ್ಬಿಣ, ಒಂದು ಎಳೆಯೂ ಉಳಿದಿಲ್ಲ, ಬದು ಇರಬೇಕಾದಲ್ಲಿ ಬದು ಇಲ್ಲ, ಅದರಾಚೆ ಅವನು ಕೊನೆಗೆಂದು ಬಿಟ್ಟುಕೊಂಡಿದ್ದ ಕಂದು ಅಂಚಿನಲ್ಲಿ ದೊಡ್ಡದೊಂದು ಗುಳಿ, ಆ ಗುಳಿಯಲ್ಲಿ ಒಂದು ಚಮಚ, ಚಮಚ ಹಿಡಿದಿರುವ ಕೈ ಅವಳದು. ಯಾವಾಗ ದಾಟಿದೆ, ದೇವರೇ, ಅವನನ್ನು ಕಾಯುತ್ತ ಕಾಯುತ್ತ ನಾನು ಯಾವಾಗ ದಾಟಿದೆ — ಒಟ್ಟೋನ ಮುಂದೆ ಪೈಪೋಟಿಗೆ ಕಲಿತ ಕೈ, ಮನೆಯಲ್ಲಿ ಒಬ್ಬಳೇ ಆದ ಮೇಲೂ ನಿಂತೇ ತಿಂದು ಮುಗಿಸುವ ಕೈ, ಅದಕ್ಕೆ ಎದುರಿಗೆ ಯಾರಿದ್ದರೇನು. ಮುಖಕ್ಕೆ ಬಿಸಿ ಏರಿತು, ಪರೀಕ್ಷೆಗೆ ಕರೆದದ್ದು ಅವನನ್ನು, ನಪಾಸಾದದ್ದು ತಾನು. ತಿನ್ನು, ಮಾರಾಯ್ತಿ, ಇನ್ನೂ ಇದೆಯಲ್ಲ, ನಿಧಾನಕ್ಕೆ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ. ಅವನು ಬಾಣಲೆಯನ್ನು ಮೆಲ್ಲಗೆ ತಿರುಗಿಸಿದ, ತನ್ನ ಕಡೆಯದು ಅವಳ ಕಡೆಗೆ ಬರುವ ಹಾಗೆ. ಬರ್ತೀನಿ ಎಂಬ ಮಾತು ಗಂಟಲಿನವರೆಗೆ ಬಂದಿದೆ, ಆದರೆ ಬಾಯಿ ತುಂಬ ಅವನದೇ ಅಂಚು, ಹೇಳಬೇಕಾದರೆ ಮೊದಲು ಅಗಿಯಬೇಕು, ಅಗಿಯುತ್ತಾಳೆ, ಗರಿಗರಿ, ಆಮೇಲೆ ಬೆಣ್ಣೆ, ಆಮೇಲೆ ಉಪ್ಪು, ಇಷ್ಟು ರುಚಿಯಿತ್ತೇ ಇದಕ್ಕೆ, ಇನ್ನೂ ಅಗಿಯುತ್ತಾಳೆ, ಅವನು ಕಾಯುತ್ತಾನೆ, ಚಮಚ ಕೆಳಗಿಟ್ಟೇ, ಬದು ಇಲ್ಲದ ಬದುವಿನಾಚೆ.