ಅಳಿಯನ ಮುಂದಿಟ್ಟ ಕುರಿತಲೆ

ಶೈಂಬೆಕ್ ಮಾವನ ಡೇರೆಗೆ ಬಂದದ್ದು ಮುನ್ನೂರು ಸವಾರರನ್ನು ಕೇಳಲು. ಖಾನನ ದಂಡು ಕಣಿವೆ ಹತ್ತುತ್ತಿತ್ತು. ದಾರಿಯ ಎರಡು ಹಟ್ಟಿಗಳಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಶೈಂಬೆಕ್‌ನ ಅಣ್ಣನ ರುಂಡ ಖಾನನ ಕೋಟೆಬಾಗಿಲ ಮೇಲಿತ್ತು. ಮಾವ ತುರುಂಬೆಟ್ ಕೈಕೊಟ್ಟರೆ ಹೆಂಡತಿ ಮಕ್ಕಳ ಗತಿಯೂ ಅಷ್ಟೇ. ಮಾವನೋ, ಹತ್ತು ವರ್ಷದಲ್ಲಿ ಮೂರು ಸಲ ಪಕ್ಷ ಬದಲಿಸಿದ ಆಸಾಮಿ! ಖಾನ ಅವನಿಗೆ ಜರಿಯ ನಿಲುವಂಗಿ ಕಳಿಸಿದ್ದಾನೆಂದು ಸಂತೆಯಲ್ಲೆಲ್ಲ ಗುಲ್ಲು.

"ಮುಖ ಸಡಿಲ ಮಾಡ್ಕೊಳ್ಳಣ್ಣ," ಎಂದು ಜೊತೆಗೆ ಬಂದಿದ್ದ ಬೋರುಬಾಯ್ ಪಿಸುಗುಟ್ಟಿದ. "ಮೊದಲು ಹೊಟ್ಟೆ ತುಂಬ್ಲಿ, ಅನುಮಾನ ಆಮೇಲೆ ಪಡು."

ಮಾಂಸದ ಹರಿವಾಣ ಬಂತು. ಅಳಿಯನಾದವನಿಗೆ ಯಾವತ್ತೂ ಕುರಿಯ ಎದೆಯ ತುಂಡು. ಎಂಟು ವರ್ಷದಿಂದ ಈ ಮನೆಯಲ್ಲಿ ಅದನ್ನೇ ತಿಂದಿದ್ದ. ಭಾಮೈದ ಎಶಿಮ್ ಅದಕ್ಕೇ ರೇಗಿಸುತ್ತಿದ್ದ. ಇವತ್ತು ಮಾವ ಬೆಂದ ಕುರಿತಲೆಯನ್ನು ಕೈಯಾರೆ ಎತ್ತಿ ಅವನ ಮುಂದಿಟ್ಟ. ತಲೆ ಇಡುವುದು ಹೊರಗಿನಿಂದ ಬಂದ ದೊಡ್ಡ ಅತಿಥಿಗೆ.

ಶೈಂಬೆಕ್ ಅದನ್ನು ಮುಟ್ಟಲಿಲ್ಲ. ಮುಗಿಯಿತು, ಇನ್ನು ನಾನು ಈ ಮನೆಯವನಲ್ಲ.

"ನನ್ನ ತುಂಡು ಎಲ್ಲಿ ಮಾವ?"

"ಅದರ ಕಾಲ ಮುಗೀತಪ್ಪ," ಮುದುಕ ನಕ್ಕ. "ತಲೆಗೆ ಚಾಕು ಹಾಕು ಮೊದಲು."

ಬೆನ್ನ ಹಿಂದೆ ಎಶಿಮ್ ಎದ್ದ ಸದ್ದು. ಕಡೆಗಣ್ಣಿಗೆ ಜರಿ ಮಿಂಚಿತು. ಖಾನನ ನಿಲುವಂಗಿ! ಅದರಡಿ ಅವನ ಎರಡೂ ಕೈ ಮುಚ್ಚಿಕೊಂಡಿದ್ದವು. ಶೈಂಬೆಕ್ ಗರ್ರನೆ ತಿರುಗಿ ಮಾಂಸದ ಚಾಕುವನ್ನು ಅವನ ಪಕ್ಕೆಗೆ ಹಿಡಿಯವರೆಗೂ ತೂರಿಸಿದ, ಕಿತ್ತು ಇನ್ನೊಮ್ಮೆ ತೂರಿಸಿದ. ಕತ್ತಿ ಹಿರಿದು ಎದ್ದ ಬೋರುಬಾಯ್‌ನ ನೆತ್ತಿಯನ್ನು ಬಾಗಿಲ ಕಾವಲುಗಾರನ ಕೊಡಲಿ ಸೀಳಿತು. ಪಾಪ, ಅವನು ಹರಿವಾಣದ ಮೇಲೆಯೇ ಬಿದ್ದ.

ಎಶಿಮ್ ಕುಸಿದಾಗ ನಿಲುವಂಗಿ ಜಾರಿತು. ಅಯ್ಯೋ, ಅವನ ಕೈಗಳು ಬರಿದಾಗಿದ್ದವು.

"ಭಾವ... ನಿಂಗೇ ಹೊದಿಸೋಣ ಅಂತ..." ಎಂದ. ಬಾಯಿಂದ ರಕ್ತ ಉಕ್ಕಿತು. ಮತ್ತೆ ಮಾತಾಡಲಿಲ್ಲ.

ತುರುಂಬೆಟ್ ಮಗನ ತಲೆಯನ್ನು ತೊಡೆಗೆಳೆದುಕೊಂಡ. "ಈ ನಿಲುವಂಗಿ ನಾವೇ ಹೊಲಿಸಿದ್ದು ಕಣೋ, ಪಾಪಿ! ಇನ್ನು ನಮಗೆಲ್ಲ ನೀನೇ ನಾಯಕ ಅಂತ ಒಪ್ಪಿ ತಲೆ ಇಟ್ಟೆ. ನಾಯಕನಿಗೆ ಅಳಿಯನ ತುಂಡು ಬಡಿಸ್ತಾರೇನೋ?"

ಕೊಡಲಿಯವನು ಶೈಂಬೆಕ್‌ನತ್ತ ನುಗ್ಗಿದ. ಮುದುಕ ಕೈ ಅಡ್ಡ ಹಿಡಿದ.

"ಬಿಡ್ರೋ ಅವನನ್ನ, ಹೋಗ್ಲಿ. ನಾಳೆ ನಮ್ಮ ಮುನ್ನೂರು ಜನಾನೂ ಖಾನನ ದಂಡು ಸೇರ್ತಾರೆ. ನಾವು ಬಂದು ಮುಟ್ಟೋದ್ರೊಳಗೆ ನನ್ನ ಮಗಳಿಗೆ ಹೇಳಿರು, ಅವಳ ತಮ್ಮನ್ನ ಕೊಂದೋನು ಯಾರು ಅಂತ."